ಹನ್ನೊಂದು ಮಲ್ಲಿಗೆ ಗಿಡಗಳು: ಉಡುಪಿ ಜಿಲ್ಲೆಯ ಒಂದು ಕೌಟುಂಬಿಕ ದೌರ್ಜನ್ಯ ಪ್ರಕರಣ

ಈ ಬರಹದಲ್ಲಿ ಯಾರ ಹೆಸರೂ ಇಲ್ಲ. ಊರು, ಮಕ್ಕಳ ವಯಸ್ಸು, ದುಡಿಮೆಯ ಕೆಲವು ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ಆಕೆಗೆ ಪೂರ್ತಿ ಓದಿ ಹೇಳಿ, ಒಪ್ಪಿಗೆ ಪಡೆದಿದ್ದೇನೆ. "ಉಳಿದದ್ದು ಏನು ಬೇಕಾದರೂ ಬದಲಾಯಿಸಿ ಅಕ್ಕ, ಗಿಡಗಳ ವಿಷಯ ಮಾತ್ರ ಇದ್ದ ಹಾಗೆ ಇರಲಿ" ಎಂದರು. ಇದ್ದ ಹಾಗೆಯೇ ಇದೆ.

ನಾನು ಉಡುಪಿ ಜಿಲ್ಲೆಯಲ್ಲಿ ಹಲವು ವರ್ಷ ನೊಂದ ಮಹಿಳೆಯರ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡಿದವಳು. ಕಂಡ ನೂರಾರು ಪ್ರಕರಣಗಳಲ್ಲಿ ಇದನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಇಲ್ಲಿ ಕಾನೂನು ಇತ್ತು, ಯೋಜನೆಗಳಿದ್ದವು, ಸಹಾಯವಾಣಿ ಇತ್ತು, ಒಳ್ಳೆಯ ಮನಸ್ಸಿನವರೂ ಇದ್ದರು. ಆದರೂ ಮೂರು ಮಳೆಗಾಲ ಆಕೆಯ ಪಾಡು ಬದಲಾಗಲಿಲ್ಲ. ನಾವೆಲ್ಲರೂ, ನಾನೂ ಸೇರಿದಂತೆ, ಆಕೆಗೆ ಒಂದೇ ಪ್ರಶ್ನೆ ಕೇಳುತ್ತಿದ್ದೆವು: "ಎಲ್ಲಿಗೆ ಹೋಗುತ್ತೀರಿ?"

ಹಿನ್ನೆಲೆ

ಶಂಕರಪುರದ ಸುತ್ತಲಿನ ಊರುಗಳಲ್ಲಿ ಮಲ್ಲಿಗೆ ಗಿಡವಿಲ್ಲದ ಹಿತ್ತಲು ಅಪರೂಪ. ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಈ ಮಲ್ಲಿಗೆಯ ಕೃಷಿ ಬಹುಮಟ್ಟಿಗೆ ಹೆಂಗಸರದ್ದು. ಬೆಳಗಿನ ಜಾವ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಬಿಸಿಲೇರುವ ಮೊದಲೇ ಹೂ ಕೊಳ್ಳುವ ಕಟ್ಟೆಗೆ ತಲುಪಿಸಬೇಕು. ಲೆಕ್ಕವೆಲ್ಲ ಚೆಂಡು ಮತ್ತು ಅಟ್ಟೆಯಲ್ಲಿ; ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ದರ ದಿನದಿನಕ್ಕೆ ಬೇರೆ. ಮದುವೆ, ದೈವಗಳ ನೇಮ, ಕೋಲಗಳ ತಿಂಗಳುಗಳಲ್ಲಿ ಏರುತ್ತದೆ, ಶುಭಕಾರ್ಯಗಳಿಲ್ಲದ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಇಳಿಯುತ್ತದೆ. ಆಕೆಯ ಹಿತ್ತಲಿನಲ್ಲಿ ಮೂವತ್ತು ಗಿಡಗಳಿದ್ದವು. ಏಳು ವರ್ಷಗಳ ಹಿಂದೆ ತಾನೇ ಗುಂಡಿ ತೋಡಿ ನೆಟ್ಟವು. ಮಕ್ಕಳ ಶಾಲೆಯ ಖರ್ಚು, ಸಂಘದ ಕಂತು, ಅತ್ತೆಯ ಸಕ್ಕರೆ ಕಾಯಿಲೆಯ ಮಾತ್ರೆ, ಎಲ್ಲವೂ ಆ ಹೂವಿನ ದುಡ್ಡಿನಲ್ಲೇ ನಡೆಯುತ್ತಿದ್ದವು.

ಗಂಡ ಮಲ್ಪೆಯ ಬೋಟಿಗೆ ಹೋಗುವವರು. ಹತ್ತು ತಿಂಗಳು ಕಡಲು, ಎರಡು ತಿಂಗಳು ಮನೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮೀನಿನ ಸಂತತಿ ಉಳಿಯಲು ಈ ರಜೆ ಬೇಕೇ ಬೇಕು. ಆದರೆ ಆ ಎರಡು ತಿಂಗಳು ದುಡಿಮೆ ಇಲ್ಲದೆ, ಕೈಯಲ್ಲಿ ಕಾಸಿಲ್ಲದೆ ಮನೆಯಲ್ಲಿ ಕೂರುವ ಗಂಡಸರ ಕೆಲವು ಮನೆಗಳಲ್ಲಿ ಏನಾಗುತ್ತದೆ ಎಂಬುದು ನಮ್ಮಂಥವರ ಕಚೇರಿಗೆ ಗೊತ್ತು. ಆಕೆ ನನ್ನ ಬಳಿ ಬಂದ ಮೂರೂ ಸಲ ಮಳೆಗಾಲವೇ ಆಗಿತ್ತು. ಈ ಹೊಂದಾಣಿಕೆಯನ್ನು ನಾನು ಗಮನಿಸಿದ್ದು ಮೂರನೆಯ ಸಲ, ಹಳೆಯ ಪುಸ್ತಕ ತಿರುವಿಹಾಕಿದಾಗ. ಮೊದಲೇ ಕಂಡಿದ್ದರೆ ಮೇ ತಿಂಗಳಲ್ಲೇ ಆ ಮನೆಗೆ ಒಮ್ಮೆ ಹೋಗಿ ಬರುತ್ತಿದ್ದೆ.

ಮನೆ ಮತ್ತು ಹನ್ನೆರಡು ಸೆಂಟ್ಸ್ ಜಾಗ ಅತ್ತೆಯ ಹೆಸರಿನಲ್ಲಿದ್ದವು. ಅವರ ತಾಯಿಯ ಕಡೆಯಿಂದ ಪಾಲಿಗೆ ಬಂದದ್ದು. ತುಳುನಾಡಿನಲ್ಲಿ ಇದು ವಿಶೇಷವಲ್ಲ. ಅಳಿಯಸಂತಾನದ ಪದ್ಧತಿ ಇದ್ದ ಕುಟುಂಬಗಳಲ್ಲಿ ಬಳಿಯೂ (ಕುಲ) ಆಸ್ತಿಯೂ ಹೆಣ್ಣಿನ ಕಡೆಯಿಂದ ಇಳಿಯುತ್ತಿದ್ದವು. 2011ರ ಜನಗಣತಿಯಲ್ಲಿ ಸಾವಿರ ಪುರುಷರಿಗೆ 1,094 ಮಹಿಳೆಯರಿದ್ದ, ರಾಜ್ಯದಲ್ಲೇ ಮೊದಲ ಸ್ಥಾನದಲ್ಲಿದ್ದ ಜಿಲ್ಲೆ ನಮ್ಮದು. "ನಮ್ಮಲ್ಲಿ ಹೆಣ್ಣಿಗೆ ಕಷ್ಟವಿಲ್ಲ" ಎಂಬ ಮಾತು ಕೇಳುತ್ತಲೇ ಬೆಳೆದವಳು ನಾನು. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಕರಾವಳಿ ಅದಕ್ಕೆ ಹೊರತು ಎಂದು ನಂಬಲು ನನ್ನ ಅನುಭವ ಬಿಡುವುದಿಲ್ಲ.

ಇನ್ನೊಂದು ಮಾತನ್ನು ಇಲ್ಲೇ ಹೇಳಬೇಕು. ಹಿಂದೆ ಗಂಡನ ಮನೆ ಬಿಟ್ಟ ಹೆಣ್ಣು ತವರಿಗೆ ಹೋದರೆ, ಅದು ಅವಳದೇ ಕುಟುಂಬದ ಮನೆ. ಅಲ್ಲಿ ಅವಳಿಗೂ ಅವಳ ಮಕ್ಕಳಿಗೂ ಹಕ್ಕಿನ ಅನ್ನವಿತ್ತು. ಇಂದು ಅದೇ ತವರು ಪಾಲಾಗಿ, ಅಣ್ಣನ ಸಾಲದಲ್ಲಿ ಕಟ್ಟಿದ ಎರಡು ಕೋಣೆಯ ತಾರಸಿ ಮನೆಯಾಗಿದೆ. "ತವರಿಗೆ ಹೋಗು" ಎಂಬ ಹಿರಿಯರ ಮಾತು ಹಾಗೆಯೇ ಉಳಿದಿದೆ, ಆ ಮಾತಿಗೆ ಆಧಾರವಾಗಿದ್ದ ಮನೆ ಉಳಿದಿಲ್ಲ.

ಮೂರು ಮಳೆಗಾಲಗಳ ಪ್ರಯತ್ನ

ಮೊದಲ ವರ್ಷ ಕುಟುಂಬದ ಹಿರಿಯರು ಕೂತು ಮಾತನಾಡಿದರು. ಮನೆತನದ ದೈವದ ಮುಂದೆ ಗಂಡ ಇನ್ನು ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ ಎಂದು ಪ್ರಾರ್ಥನೆ ಮಾಡಿಕೊಂಡರು. ಈ ದಾರಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಭಯಭಕ್ತಿಯಿಂದ ಆಡಿದ ಮಾತನ್ನು ಕೊನೆಯವರೆಗೂ ಉಳಿಸಿಕೊಂಡ ಗಂಡಸರನ್ನು ಕಂಡಿದ್ದೇನೆ. ಇಲ್ಲಿ ಆ ಮಾತು ಮುಂದಿನ ಜೂನ್‌ವರೆಗೆ ಉಳಿಯಿತು.

ಎರಡನೆಯ ವರ್ಷ ಆಕೆ ಠಾಣೆಗೆ ಹೋದರು. ಮನೆಯ ಮಾತು ತುಳು, ದೂರಿನ ಮಾತು ಕನ್ನಡ. ಆಕೆ ಹೇಳಿದ್ದು "ಒಂಜಿ ರಡ್ಡ್ ಪೆಟ್ಟ್" ಎಂದು. ಒಂದೆರಡು ಪೆಟ್ಟು ಎಂದು ತಮ್ಮ ನೋವನ್ನು ತಾವೇ ಕುಗ್ಗಿಸಿ ಹೇಳುವುದು ನಮ್ಮ ಹೆಂಗಸರ ರೂಢಿ. ಬರೆದುಕೊಂಡವರು ಅದನ್ನು ಇನ್ನಷ್ಟು ಕುಗ್ಗಿಸಿ "ಸಂಸಾರದಲ್ಲಿ ಸಣ್ಣಪುಟ್ಟ ಮನಸ್ತಾಪ" ಎಂದು ಬರೆದರು. ಗಂಡನನ್ನು ಕರೆಸಿ, ಗದರಿಸಿ, ಮುಚ್ಚಳಿಕೆ ಬರೆಸಿಕೊಂಡು ಇಬ್ಬರನ್ನೂ ಒಟ್ಟಿಗೆ ಮನೆಗೆ ಕಳುಹಿಸಿದರು. ಆಕೆಯ ಕೈಗೆ ಒಂದು ಸ್ವೀಕೃತಿಯೂ ಸಿಗಲಿಲ್ಲ. ಹೀಗಾಗಿ ಆ ದಿನದ ಪೆಟ್ಟು ಮುಂದೆ ಯಾವ ನ್ಯಾಯಾಲಯದ ಕಣ್ಣಿಗೂ ಬೀಳದಂತೆ ಹೋಯಿತು. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯ 5ನೇ ಕಲಮಿನ ಪ್ರಕಾರ ಆಕೆಗಿರುವ ಹಕ್ಕುಗಳನ್ನು, ಸಂರಕ್ಷಣಾಧಿಕಾರಿಯ ನೆರವನ್ನು, ಉಚಿತ ಕಾನೂನು ಸೇವೆಯನ್ನು ಪೊಲೀಸರೇ ತಿಳಿಸಬೇಕು. ಯಾರೂ ತಿಳಿಸಲಿಲ್ಲ.

ಅದಾದ ಮೇಲೆ ಆಕೆ ಮತ್ತೆ ನಮ್ಮಲ್ಲಿಗೆ ಬಂದರು. ನಾನು ಮಾಡಿದ್ದೂ ಬೇರೆ ಏನಲ್ಲ. "ಸ್ವಲ್ಪ ದಿನ ತವರಿನಲ್ಲಿ ಇರಿ, ಅವರಿಗೆ ಬುದ್ಧಿ ಬರಲಿ" ಎಂದೆ. ಮೂರು ತಿಂಗಳು ಅಣ್ಣನ ಮನೆಯಲ್ಲಿದ್ದರು. ಮಗಳ ಶಾಲೆ ತಪ್ಪಿತು. ಅತ್ತಿಗೆ ಕೆಟ್ಟವರಲ್ಲ, ಆದರೆ ಮನೆಯಲ್ಲಿದ್ದ ಕೋಣೆಗಳು ಎರಡೇ. ಇತ್ತ ಗೊಬ್ಬರ ಕಾಣದ ಗಿಡಗಳಿಗೆ ಹುಳ ಬಿತ್ತು. ಆಕೆ ತಾವಾಗಿಯೇ ಹಿಂತಿರುಗಿದರು. ಊರಿನವರ ಕಣ್ಣಿಗೆ ಅದು ಸೋಲಿನಂತೆ ಕಂಡಿತು, ಗಂಡನಿಗೆ ಗೆಲುವಿನಂತೆ. ಆ ಸಲಹೆ ಕೊಟ್ಟದ್ದು ನನ್ನ ತಪ್ಪು. ಹಿಂಸೆ ಮಾಡಿದವರು ಮನೆಯಲ್ಲೇ ಉಳಿದು, ಹಿಂಸೆ ಅನುಭವಿಸಿದವರು ಚೀಲ ಹಿಡಿದು ಹೊರಡುವ ಏರ್ಪಾಡನ್ನು ನಾನೇ ಮಾಡಿದ್ದೆ.

ಆಟಿಯ ಆ ಬೆಳಿಗ್ಗೆ

2024ರ ಜುಲೈ. ಆಕೆಯ ಹೆಸರಿನಲ್ಲಿ ಮೊದಲೇ ಒಂದು ಕಿರುಸಾಲವಿತ್ತು, ಗಂಡನೇ ತೆಗೆಸಿದ್ದು. ವಾರದ ಕಂತನ್ನು ಹೂವಿನ ದುಡ್ಡಿನಲ್ಲಿ ಆಕೆ ಕಟ್ಟುತ್ತಿದ್ದರು. ಈಗ ಇನ್ನೊಂದು ದೊಡ್ಡ ಸಾಲಕ್ಕೆ ಸಹಿ ಹಾಕಬೇಕೆಂದು ಗಂಡ ಹಟ ಹಿಡಿದರು. ಆಕೆ ಮೊದಲ ಬಾರಿಗೆ ಆಗುವುದಿಲ್ಲ ಎಂದರು. ಆ ರಾತ್ರಿ ಕಿವಿಯ ಮೇಲೆ ಪೆಟ್ಟು ಬಿತ್ತು. ಬೆಳಿಗ್ಗೆ ಹೂ ಕೊಯ್ಯಲು ಹೋದಾಗ ಹನ್ನೊಂದು ಗಿಡಗಳು ಬುಡದವರೆಗೆ ಕತ್ತಿಯಿಂದ ಕಡಿದು ಬಿದ್ದಿದ್ದವು.

ಆಕೆ ಮೂರು ವರ್ಷಗಳಲ್ಲಿ ನನ್ನೆದುರು ಅತ್ತದ್ದು ಅಂದು ಮಾತ್ರ. ಕಿವಿ ನೋಯುತ್ತಿತ್ತು, ಕಿವಿಯ ಮಾತನ್ನು ಆಡಲೇ ಇಲ್ಲ.

ಆಕೆಯನ್ನು ಕರೆತಂದದ್ದು ಊರಿನ ಆಶಾ ಕಾರ್ಯಕರ್ತೆ. ದಾರಿಯಲ್ಲೇ ಆಸ್ಪತ್ರೆಗೆ ಹೋಗಿದ್ದರು. "ಸ್ನಾನದ ಮನೆಯಲ್ಲಿ ಜಾರಿ ಬಿದ್ದೆ" ಎಂದು ಆಕೆ ಹೇಳಲು ಹೊರಟಾಗ ಆಶಾ ಕಾರ್ಯಕರ್ತೆ ಮೆಲ್ಲನೆ ಕೈ ಅದುಮಿ, "ಇದ್ದದ್ದನ್ನೇ ಹೇಳಿ, ಅವರು ಬರೆದುಕೊಳ್ಳುತ್ತಾರೆ" ಎಂದರಂತೆ. ವೈದ್ಯರು ಬರೆದುಕೊಂಡರು. ಆ ಒಂದು ಚೀಟಿ ಮುಂದೆ ಬಹಳ ದೂರ ಬಂತು.

ನಾನು ಹಳೆಯ ಚಾಳಿಯಲ್ಲೇ ಶುರುಮಾಡಿದೆ. ಸಖಿ ಏಕ ನಿಲುಗಡೆ ಕೇಂದ್ರದ ಬಗ್ಗೆ ಹೇಳಿದೆ. ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ಈ ಯೋಜನೆಯಲ್ಲಿ ವೈದ್ಯಕೀಯ ನೆರವು, ಪೊಲೀಸ್ ನೆರವು, ಕಾನೂನು ಸಲಹೆ, ಸಮಾಲೋಚನೆ ಎಲ್ಲವೂ ಒಂದೇ ಸೂರಿನಡಿ ಸಿಗುತ್ತವೆ. ಐದು ದಿನದವರೆಗೆ ಉಳಿದುಕೊಳ್ಳಲೂ ಅವಕಾಶವಿದೆ. ಆಕೆ ಪೂರ್ತಿ ಕೇಳಿಸಿಕೊಂಡು, "ಆರನೆಯ ದಿನ ಎಲ್ಲಿಗೆ ಹೋಗಲಿ ಅಕ್ಕ? ಉಳಿದ ಹತ್ತೊಂಬತ್ತು ಗಿಡಗಳನ್ನು ನೋಡಿಕೊಳ್ಳುವವರು ಯಾರು?" ಎಂದು ಕೇಳಿದರು.

ಈ ಪ್ರಕರಣದ ತಿರುವು ಅದೇ ಪ್ರಶ್ನೆ. ಜೀವಕ್ಕೆ ಅಪಾಯವಿರುವಾಗ ಆಶ್ರಯ ಕೇಂದ್ರ ಬೇಕೇ ಬೇಕು; ಸಖಿಯಲ್ಲಿ ಒಂದು ರಾತ್ರಿ ಕಳೆದುದರಿಂದ ಬದುಕಿ ಉಳಿದವರನ್ನು ಬಲ್ಲೆ. ಆದರೆ ಈಕೆಯ ಜೀವನೋಪಾಯ ನೆಲಕ್ಕೆ ಬೇರೂರಿತ್ತು. ಆಗ ನಾನು ಮೊದಲ ಬಾರಿಗೆ ಸರಿಯಾದ ಪ್ರಶ್ನೆ ಕೇಳಿದೆ: "ನಿಮಗೆ ಎಲ್ಲಿ ಇರಬೇಕೆಂದಿದೆ?" ಆಕೆ ಒಂದು ಕ್ಷಣವೂ ತಡೆಯಲಿಲ್ಲ. "ನನ್ನ ಮನೆಯಲ್ಲೇ, ಪೆಟ್ಟು ತಿನ್ನದೆ."

ವರದಿಯ ನಾಲ್ಕನೆಯ ಭಾಗ

ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಈ ಕಾಯ್ದೆಯಡಿ ಸಂರಕ್ಷಣಾಧಿಕಾರಿಗಳು. ಅಂಗನವಾಡಿಗಳಿಂದ ಹಿಡಿದು ಹತ್ತಾರು ಯೋಜನೆಗಳ ಹೊರೆ ಹೊತ್ತವರಿಗೆ ಇದೂ ಒಂದು ಹೆಚ್ಚುವರಿ ಕೆಲಸ. ಹಾಗಿದ್ದೂ ಆ ಅಧಿಕಾರಿ ಅಂದು ಎರಡು ಗಂಟೆ ಕೂತು, ತುಳುವಿನಲ್ಲೇ ಕೇಳಿ, ಆಕೆಯ ಮಾತನ್ನು ಕುಗ್ಗಿಸದೆ ಬರೆದುಕೊಂಡರು. ಕೌಟುಂಬಿಕ ಘಟನಾ ವರದಿಯ ನಮೂನೆಯಲ್ಲಿ ದೈಹಿಕ, ಲೈಂಗಿಕ, ಮಾತಿನ ಮತ್ತು ಭಾವನಾತ್ಮಕ, ಆರ್ಥಿಕ ಎಂದು ಹಿಂಸೆಯ ನಾಲ್ಕು ಬಗೆಗಳಿಗೆ ಬೇರೆ ಬೇರೆ ಜಾಗವಿದೆ. ಕೊನೆಯದನ್ನು ಖಾಲಿ ಬಿಡುವುದೇ ಹೆಚ್ಚು. ವರದಕ್ಷಿಣೆಯ ಚಿನ್ನ ಹೋಗಿದ್ದರೆ ಮಾತ್ರ ತುಂಬುತ್ತಾರೆ.

ಅವರು ಆ ಜಾಗದಲ್ಲಿ ಹನ್ನೊಂದು ಗಿಡಗಳನ್ನು ಬರೆದರು. ಬಲವಂತದ ಸಾಲವನ್ನು ಬರೆದರು. ಹೂವಿನ ದುಡ್ಡನ್ನು ಕಸಿದುಕೊಂಡ ದಿನಗಳನ್ನು ಬರೆದರು. ಆಕೆಗೆ ಹಕ್ಕಿರುವ ಆರ್ಥಿಕ ಸಂಪನ್ಮೂಲವನ್ನು ಇಲ್ಲವಾಗಿಸುವುದು ಆರ್ಥಿಕ ಹಿಂಸೆ ಎಂದು ಕಾಯ್ದೆಯ 3ನೇ ಕಲಮು ಹೇಳುತ್ತದೆ ಎಂದು ಓದಿ ಹೇಳಿದರು. "ಗಿಡಕ್ಕೂ ಕಾನೂನು ಇದೆಯಾ?" ಎಂದು ಆಕೆ ಕೇಳಿದಾಗ ನನ್ನ ಗಂಟಲು ಕಟ್ಟಿತು.

ಸಾಕ್ಷ್ಯ ಹುಡುಕುವುದು ಅನಂತರ ಕಷ್ಟವಾಗಲಿಲ್ಲ. ಕಡಿದ ಗಿಡಗಳ ಚಿತ್ರವನ್ನು ಮಗಳು ಅದೇ ಬೆಳಿಗ್ಗೆ ಮೊಬೈಲಿನಲ್ಲಿ ತೆಗೆದಿದ್ದಳು. ಹೂ ಕೊಳ್ಳುವ ಕಟ್ಟೆಯವರ ಲೆಕ್ಕದ ಪುಸ್ತಕದಲ್ಲಿ ಆಕೆ ಯಾವ ದಿನ ಎಷ್ಟು ಚೆಂಡು ಕೊಟ್ಟರು ಎಂಬುದು ಏಳು ವರ್ಷಗಳಿಂದ ಬರೆದಿತ್ತು. ಹಿಂಸೆಗೆ ಸಾಕ್ಷಿ ಯಾರು ಎಂದು ಕೇಳಿದಾಗ ನೆರೆಹೊರೆಯವರು ಹಿಂಜರಿದರು, ಹೂವಿನ ಲೆಕ್ಕ ಕೊಡಲು ಆ ವ್ಯಾಪಾರಿ ಹಿಂಜರಿಯಲಿಲ್ಲ.

ಕ್ರಿಮಿನಲ್ ದೂರು ಕೊಡಬೇಕೇ ಎಂಬುದು ದೊಡ್ಡ ನಿರ್ಧಾರ. ಭಾರತೀಯ ನ್ಯಾಯ ಸಂಹಿತೆ ಆ ತಿಂಗಳ ಮೊದಲ ದಿನವಷ್ಟೇ ಜಾರಿಗೆ ಬಂದಿತ್ತು. ಗಂಡ ಮತ್ತು ಆತನ ಬಂಧುಗಳ ಕ್ರೌರ್ಯಕ್ಕೆ ಅದರ 85ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಶಿಕ್ಷೆಯಿದೆ. ಆಕೆ ಬೇಡ ಎಂದರು. ಗಂಡ ಜೈಲಿಗೆ ಹೋದರೆ ಮಕ್ಕಳು ಶಾಲೆಯಲ್ಲಿ ತಲೆ ಎತ್ತುವುದು ಹೇಗೆ ಎಂಬುದು ಅವರ ಚಿಂತೆ. ನನ್ನ ಸಹೋದ್ಯೋಗಿಯೊಬ್ಬರು ಇದನ್ನು ಒಪ್ಪಲಿಲ್ಲ, "ಹೀಗೆ ಬಿಟ್ಟೇ ಅವರು ಬೆಳೆದದ್ದು" ಎಂದರು. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಮನೆಯಲ್ಲಿ ನಾಳೆ ಬೆಳಿಗ್ಗೆ ಏಳಬೇಕಾದವರು ಆಕೆ. ಕ್ರಿಮಿನಲ್ ದೂರಿನ ದಾರಿ ಮುಚ್ಚಿಲ್ಲ, ಬೇಕೆಂದಾಗ ಕೊಡಬಹುದು ಎಂದು ವಕೀಲರು ತಿಳಿಸಿದರು. ಕೌಟುಂಬಿಕ ದೌರ್ಜನ್ಯ ಕಾಯ್ದೆಯ 12ನೇ ಕಲಮಿನಡಿ ಅರ್ಜಿ ಸಿದ್ಧವಾಯಿತು. ವಕೀಲರನ್ನು ಕೊಟ್ಟದ್ದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ ಎಂಬುದು ಇಂದಿಗೂ ನಮ್ಮ ಹಳ್ಳಿಗಳಿಗೆ ಹೊಸ ಸುದ್ದಿ.

ಧಕ್ಕೆಯಲ್ಲಿ ತಲುಪಿದ ನೋಟಿಸು

ಅರ್ಜಿಯ ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ ಆಗಬೇಕು, ಇಡೀ ಅರ್ಜಿಯನ್ನು 60 ದಿನದಲ್ಲಿ ಮುಗಿಸಲು ಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಇಲ್ಲಿ ಮಧ್ಯಂತರ ಆದೇಶಕ್ಕೇ ಏಳು ವಾರ ಹಿಡಿಯಿತು. ಆಗಸ್ಟ್ 1 ಬಂತು, ಬೋಟುಗಳು ಕಡಲಿಗಿಳಿದವು, ಗಂಡ ಹೊರಟುಹೋದರು. ನೋಟಿಸು ಎರಡು ಸಲ "ವಿಳಾಸದಾರರು ಮನೆಯಲ್ಲಿಲ್ಲ" ಎಂದು ಮರಳಿತು. ಕೊನೆಗೆ ಸಂರಕ್ಷಣಾಧಿಕಾರಿಯೇ ಬೋಟು ದಡಕ್ಕೆ ಬರುವ ದಿನವನ್ನು ವಿಚಾರಿಸಿಕೊಂಡು, ಪೊಲೀಸರೊಬ್ಬರೊಂದಿಗೆ ಮಲ್ಪೆಯ ಧಕ್ಕೆಗೆ, ಅಂದರೆ ಬೋಟುಗಳು ನಿಲ್ಲುವ ಕಟ್ಟೆಗೆ, ಹೋಗಿ ನೋಟಿಸು ಕೊಟ್ಟರು. ಕಡಲಿನ ಕೆಲಸಗಾರರಿಗೆ ಮನೆಯ ವಿಳಾಸದ ಜೊತೆ ಬೋಟು ನಿಲ್ಲುವ ಜಾಗವನ್ನೂ ಅರ್ಜಿಯಲ್ಲೇ ಬರೆಯಬೇಕು. ಈಗ ನಾನು ಎಲ್ಲ ಅರ್ಜಿಗಳಲ್ಲೂ ಬರೆಸುತ್ತೇನೆ.

ಈ ನಡುವೆ ಅತ್ತೆ ವಕೀಲರನ್ನಿಟ್ಟು, "ಮನೆ ನನ್ನದು, ಸೊಸೆಗೆ ಇಲ್ಲಿ ಹಕ್ಕಿಲ್ಲ" ಎಂದರು. 2020ರವರೆಗೆ ಈ ವಾದಕ್ಕೆ ಬಲವಿತ್ತು. ಆ ವರ್ಷ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ, ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೂ ಸೊಸೆ ಅಲ್ಲಿ ಸಂಸಾರ ಮಾಡಿದ್ದರೆ ಅದು ಕಾಯ್ದೆ ಹೇಳುವ ಹಂಚಿಕೊಂಡ ಮನೆಯೇ, ಆಕೆ ಅಲ್ಲಿ ವಾಸದ ಹಕ್ಕು ಕೇಳಬಹುದು ಎಂದು ತೀರ್ಪಿತ್ತು, ಹಳೆಯ ತೀರ್ಪನ್ನು ತಳ್ಳಿಹಾಕಿತು. ನಮ್ಮ ವಕೀಲರು ಅದನ್ನು ಮುಂದಿಟ್ಟರು.

ಆದರೆ ಅತ್ತೆಯ ಮನಸ್ಸು ಮೆತ್ತಗಾದದ್ದು ತೀರ್ಪಿನಿಂದಲ್ಲ. ಒಂದು ಸಂಜೆ ನಾನೊಬ್ಬಳೇ ಅವರ ಬಳಿ ಹೋಗಿ ಕೂತೆ. ಮಗ ಹೊಡೆಯುವುದನ್ನು ಅವರು ಸಮರ್ಥಿಸಲಿಲ್ಲ. ಅವರ ಭಯ ಬೇರೆಯೇ ಇತ್ತು. "ಕೋರ್ಟು ಮನೆಯನ್ನು ಅವಳ ಹೆಸರಿಗೆ ಮಾಡುತ್ತದಂತೆ, ನನ್ನ ಮಗಳಿಗೆ ಏನೂ ಉಳಿಯುವುದಿಲ್ಲವಂತೆ" ಎಂದರು. "ಅಮ್ಮ, ಇದು ವಾಸದ ಹಕ್ಕು, ಒಡೆತನ ಅಲ್ಲ. ಪತ್ರದಲ್ಲಿ ನಿಮ್ಮ ಹೆಸರೇ ಇರುತ್ತದೆ. ನಿಮ್ಮನ್ನು ಹೊರಗೆ ಹಾಕುವ ಆದೇಶವನ್ನು ಈ ಕಾಯ್ದೆಯಡಿ ಯಾರೂ ಮಾಡುವ ಹಾಗಿಲ್ಲ, ಅದನ್ನು ಹೆಂಗಸಿನ ಮೇಲೆ ಹೊರಡಿಸಲಿಕ್ಕೇ ಬರುವುದಿಲ್ಲ" ಎಂದು ಮತ್ತೆ ಮತ್ತೆ ಹೇಳಿದೆ. ಬಹಳ ಹೊತ್ತಿನ ಮೇಲೆ, "ಮಕ್ಕಳು ಇರಲಿ. ಅವಳಿಲ್ಲದೆ ಮಕ್ಕಳು ಇರುವುದಿಲ್ಲ" ಎಂದರು. ಮುಂದಿನ ವಿಚಾರಣೆಯಲ್ಲಿ ಅವರು ವಿರೋಧಿಸಲಿಲ್ಲ. ಈ ಮಾತುಕತೆಯನ್ನು ಎರಡು ವರ್ಷ ಮೊದಲೇ ಆಡಬಹುದಿತ್ತು.

ಮಧ್ಯಂತರ ಆದೇಶದಲ್ಲಿ ಗಂಡ ಹಿಂಸೆ ಮಾಡಬಾರದು, ಆಕೆಯನ್ನು ಮನೆಯಿಂದ ಹೊರಹಾಕಬಾರದು, ಆಕೆ ಇರುವ ಹಿಂಬದಿಯ ಕೋಣೆಗೂ ಹಿತ್ತಲಿನ ಮಲ್ಲಿಗೆ ಗಿಡಗಳಿಗೂ ಹೋಗಬಾರದು, ಮಕ್ಕಳ ಖರ್ಚಿಗೆ ತಿಂಗಳು ತಿಂಗಳು ಹಣ ಕೊಡಬೇಕು ಎಂದಿತ್ತು. ಆದೇಶದ ಪ್ರತಿಯನ್ನು ನ್ಯಾಯಾಲಯ ಉಚಿತವಾಗಿ ಕೊಡಬೇಕು, ಠಾಣೆಗೂ ಕಳುಹಿಸಬೇಕು. ಆದರೂ ನಾವು ಆಕೆಯೊಂದಿಗೆ ಠಾಣೆಗೆ ಹೋಗಿ, ಪ್ರತಿ ತಲುಪಿದ್ದನ್ನು ಖಚಿತಪಡಿಸಿಕೊಂಡು, ದಿನಾಂಕ ಬರೆಸಿಕೊಂಡು ಬಂದೆವು.

ಅದರ ಉಪಯೋಗ ನವೆಂಬರಿನಲ್ಲಿ ಕಂಡಿತು. ರಾತ್ರಿ ಕುಡಿದು ಬಂದ ಗಂಡ ಹಿಂಬದಿಯ ಬಾಗಿಲನ್ನು ಒದೆಯತೊಡಗಿದರು. ಆಕೆ 112ಕ್ಕೆ ಕರೆ ಮಾಡಿ, "ನನ್ನ ಬಳಿ ಕೋರ್ಟಿನ ಆದೇಶ ಇದೆ" ಎಂಬ ಒಂದು ವಾಕ್ಯ ಹೇಳಿದರು. ನಾವು ಅದನ್ನು ಅಭ್ಯಾಸ ಮಾಡಿಸಿದ್ದೆವು. ಸಂರಕ್ಷಣಾ ಆದೇಶವನ್ನು ಮೀರಿದರೆ 31ನೇ ಕಲಮಿನಡಿ ಒಂದು ವರ್ಷದವರೆಗೆ ಸಜೆ ಅಥವಾ 20,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಜಾಮೀನು ರಹಿತ ಅಪರಾಧ. ಈ ಸಲ ಯಾರೂ ಮುಚ್ಚಳಿಕೆ ಬರೆಸಲಿಲ್ಲ. ಪ್ರಕರಣ ದಾಖಲಾಯಿತು, ಬಂಧನವಾಯಿತು, ಅನಂತರ ಜಾಮೀನು ಸಿಕ್ಕಿತು. ಅಂದಿನಿಂದ ಆಕೆಯ ಮೇಲೆ ಕೈ ಬಿದ್ದಿಲ್ಲ. ಗಂಡ ಈಗ ಹೆಚ್ಚಾಗಿ ಮಲ್ಪೆಯಲ್ಲೇ ಜೊತೆಗಾರರ ಕೋಣೆಯಲ್ಲಿರುತ್ತಾರೆ. ಭಾನುವಾರ ಬಂದು ಚಾವಡಿಯಲ್ಲಿ ಮಕ್ಕಳೊಂದಿಗೆ ಕೂತು ಹೋಗುತ್ತಾರೆ.

ಯೋಜನೆಗಳ ವಿಷಯದಲ್ಲಿ ಒಂದೆರಡು ಮಾತು ಹೇಳಲೇಬೇಕು. ಗೃಹಲಕ್ಷ್ಮಿಯ 2,000 ರೂಪಾಯಿ ಪಡಿತರ ಚೀಟಿಯಲ್ಲಿ ಯಜಮಾನಿ ಎಂದಿರುವವರಿಗೆ ಹೋಗುತ್ತದೆ. ಈ ಮನೆಯಲ್ಲಿ ಅದು ಅತ್ತೆ. ದೌರ್ಜನ್ಯಕ್ಕೆ ಒಳಗಾದ ಸೊಸೆಯ ಕೈಗೆ ಆ ಹಣ ಒಂದು ರೂಪಾಯಿಯೂ ಬರಲಿಲ್ಲ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತ. ಆದರೆ ಉಡುಪಿ, ಮಂಗಳೂರು ಕಡೆಯ ಹೆಚ್ಚಿನ ಒಳದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸುಗಳು. ಪ್ರತಿ ವಿಚಾರಣೆಗೂ ಆಕೆ ಟಿಕೆಟ್ ಕೊಂಡೇ ಬಂದರು, ಆ ದಿನದ ಹೂವಿನ ಕೆಲಸವನ್ನೂ ಬಿಟ್ಟು ಬಂದರು. ಘಟನಾ ವರದಿ ದಾಖಲಾದ ಮಹಿಳೆಗೆ ಪಡಿತರ ಚೀಟಿ ಬೇರೆಯಾಗುವವರೆಗೂ ಆ ಹಣದಲ್ಲಿ ಪಾಲು ಸಿಗುವ ದಾರಿಯೊಂದನ್ನು, ನ್ಯಾಯಾಲಯಕ್ಕೆ ಬರುವ ಖರ್ಚಿಗೆ ಒಂದು ಸಣ್ಣ ನಿಧಿಯನ್ನು ಸರ್ಕಾರ ಮಾಡಬೇಕೆಂದು ನಾನು ಹೋದಲ್ಲೆಲ್ಲ ಕೇಳುತ್ತಿದ್ದೇನೆ.

ಉಳಿದಿರುವುದು 22ನೇ ಕಲಮಿನ ಪರಿಹಾರದ ಪ್ರಶ್ನೆ. ಬುಡಕ್ಕೆ ಕಡಿದ ಹನ್ನೊಂದು ಗಿಡಗಳಲ್ಲಿ ಏಳು ಮತ್ತೆ ಚಿಗುರಿವೆ. ಎದುರು ವಕೀಲರು ಅದನ್ನೇ ಹಿಡಿದು, "ಗಿಡ ಚಿಗುರಿದ ಮೇಲೆ ನಷ್ಟ ಎಲ್ಲಿ?" ಎಂದು ವಾದಿಸಿದರು. ಆಕೆ ಆ ದಿನ ಕಟಕಟೆಯಲ್ಲಿ ಕಟ್ಟೆಯ ಲೆಕ್ಕದ ಪುಸ್ತಕವನ್ನು ಬಿಡಿಸಿ, ಕಡಿದ ಮೊದಲಿನ ಮಾಘ ಮಾಸದಲ್ಲಿ ಎಷ್ಟು ಅಟ್ಟೆ, ಕಡಿದ ಮೇಲಿನ ಮಾಘದಲ್ಲಿ ಎಷ್ಟು, ಆ ದಿನಗಳ ದರ ಎಷ್ಟು ಎಂದು ಒಂದೊಂದೇ ಸಾಲನ್ನು ಬೆರಳಿಟ್ಟು ಓದಿದರು. ಓದಿ ಮುಗಿಸಲು ಇಪ್ಪತ್ತು ನಿಮಿಷ ಬೇಕಾಯಿತು. ಮ್ಯಾಜಿಸ್ಟ್ರೇಟರು ನಡುವೆ ತಡೆಯಲಿಲ್ಲ.